ಗಿರಣಿ ಗೋಡೆಯ ಪೇಂಟರ್ ಮಾವ

ಪೇಂಟರ್ ಮಾವನ ಬಲಗೈ ಕಿರುಬೆರಳು ಎರಡು ದಿನ ಒಂದೇ ಬಣ್ಣದಲ್ಲಿ ಇದ್ದದ್ದನ್ನು ನಾನು ಕಂಡಿರಲಿಲ್ಲ. ಬರೆಯುವಾಗ ಕೈ ಅಲುಗಬಾರದೆಂದು ಆ ಬೆರಳನ್ನು ಗೋಡೆಗೆ ಊರಿಕೊಂಡು ಬ್ರಷ್ ಆಡಿಸುತ್ತಿದ್ದರು. ನಲವತ್ತು ವರ್ಷ ಹಾಗೆ ಊರಿ ಊರಿ ಬೆರಳಿನ ಹೊರಬದಿ ಜಡ್ಡುಗಟ್ಟಿ, ಉಗುರು ಅರ್ಧಕ್ಕರ್ಧ ಸವೆದುಹೋಗಿತ್ತು. ಬೆರಳು ನೀಲಿಯಾಗಿದ್ದರೆ ಆವತ್ತು ಡೇರಿ ಬೋರ್ಡು, ಹಸಿರಾಗಿದ್ದರೆ ಗೊಬ್ಬರದ ಅಂಗಡಿ ಎಂದು ನಾವು ಲೆಕ್ಕ ಹಾಕುತ್ತಿದ್ದೆವು. ಕೊನೆಯ ಎರಡು ವರ್ಷ ಮಾತ್ರ ಆ ಬೆರಳಿಗೆ ಬೂದು ಬಣ್ಣವೊಂದೇ ಹತ್ತಿಕೊಂಡಿತು. ಎಣ್ಣೆ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ.

ನಾನು ಹೊಳೆನರಸೀಪುರದಲ್ಲಿ ಫ್ಲೆಕ್ಸ್ ಡಿಸೈನ್ ಮಾಡುವವಳು. ಅಂದರೆ ನೇರವಾಗಿ ಹೇಳಬೇಕೆಂದರೆ ಅವರ ಅನ್ನಕ್ಕೆ ಕಲ್ಲು ಹಾಕಿದವಳು. ಅವರು ಮೂರು ದಿನ ಏಣಿ ಹತ್ತಿ ಇಳಿದು ಬರೆಯುವ ಬೋರ್ಡನ್ನು ನಾನು ಅರ್ಧ ಗಂಟೆಯಲ್ಲಿ ಕಂಪ್ಯೂಟರಿನಲ್ಲಿ ಕೂಡಿಸಿ ಹಾಸನಕ್ಕೆ ಪ್ರಿಂಟಿಗೆ ಕಳಿಸುತ್ತಿದ್ದೆ. ಅವರ ಅಂಗಡಿ ನನ್ನ ಅಂಗಡಿಯ ಎದುರಿಗೇ. ಬೇರೆ ಯಾರೇ ಆಗಿದ್ದರೂ ನನ್ನ ಮುಖ ನೋಡುತ್ತಿರಲಿಲ್ಲ. ಈ ಮನುಷ್ಯ ದಿನಾ ಹನ್ನೊಂದು ಗಂಟೆಗೆ ಟೀ ತರಿಸಿ, ನನಗೂ ಒಂದು ಲೋಟ ಕೊಟ್ಟು, ನನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತು ಸ್ಕ್ರೀನು ನೋಡುತ್ತಿದ್ದರು. ಆ ಬಾಣದ ಗುರುತನ್ನು ಮೊದಲು ಬರೆದವನು ಯಾರು, ಫೈಲು ತೆರೆಯುವ ತನಕ ಒಂದು ಉಂಗುರ ಸುತ್ತುತ್ತದಲ್ಲ ಅದು ಯಾಕೆ ಸುತ್ತುತ್ತದೆ, ಅಳಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದೆಲ್ಲ ಕೇಳುವರು. ನನಗೆ ತಲೆ ಕೆಟ್ಟು, ಮಾವ ಸ್ವಲ್ಪ ಸುಮ್ಮನಿರಿ ಎಂದರೆ ಸುಮ್ಮನಾಗುವರು, ಐದು ನಿಮಿಷ.

ಒಂದು ಬೆಳಿಗ್ಗೆ ನೋಡಿದರೆ ಬಸ್‌ಸ್ಟ್ಯಾಂಡಿನ ಹತ್ತಿರ, ವರ್ಷಗಳಿಂದ ಅರ್ಧಕ್ಕೇ ನಿಂತಿದ್ದ ಸಮುದಾಯ ಭವನದ ಗೋಡೆ ತುಂಬ ಆ ಸುತ್ತುವ ಉಂಗುರ. ಏನೂ ಬರೆದಿಲ್ಲ, ಉಂಗುರ ಅಷ್ಟೇ. ಊರಿಗೆ ಊರೇ ನಕ್ಕಿತು. ಆಮೇಲೆ ಟೀ ಅಂಗಡಿ ಮುಂದೆ ಹರಟೆ ಹೊಡೆಯುವವರು ಕೂರುವ ಕಟ್ಟೆಯ ಮೇಲೆ ಎರಡು ಬಾಣದ ಗುರುತು ಹಾಕಿ, ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂದು ಬರೆದರು. ಕಟ್ಟೆಯವರು ಸಿಟ್ಟಾಗುವ ಬದಲು ಅದರ ಮುಂದೆ ಕೂತು ಫೋಟೋ ತೆಗೆಸಿಕೊಂಡರು. ರಸ್ತೆ ಅಗಲ ಮಾಡುವಾಗ ಒಂದು ಹಳೇ ಮನೆ ಹೋಯಿತು. ಉಳಿದ ಒಂಟಿ ಗೋಡೆಯ ಮೇಲೆ ಬೂದು ಬಣ್ಣದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಕಾಣಿಸಿಕೊಂಡಿತು. ಅದನ್ನು ನೋಡಿ ಯಾರೂ ನಗಲಿಲ್ಲ. ಅಲ್ಲಿ ಗೂಟ ಹೊಡೆದು ಎಮ್ಮೆ ಕಟ್ಟುತ್ತಿದ್ದವರು ಎಮ್ಮೆಯನ್ನು ಬೇರೆ ಕಡೆ ಕಟ್ಟಿದರು.

ಇಲ್ಲದ್ದನ್ನು ಬರೆಯುವುದಿಲ್ಲ ಎನ್ನುವುದು ಅವರ ಹಟ. ಒಂದು ಹೋಟೆಲಿನವರು ಬೋರ್ಡಿಗೆ ‘ಶುದ್ಧ ತುಪ್ಪದ ದೋಸೆ’ ಎಂದು ಬರೆಸಲು ಕರೆದರೆ, ಇವರು ಅಡುಗೆ ಮನೆಗೆ ಹೋಗಿ ಡಬ್ಬ ಮೂಸಿ ನೋಡಿ ಬಂದು ಬರೀ ‘ದೋಸೆ’ ಎಂದು ಬರೆದು ಏಣಿ ಇಳಿದುಬಿಟ್ಟರು. ನಾನು ರೇಗಿಸಿದರೆ, “ಇಲ್ದಿದ್ದ ಬರ್ಯಾಕಿಲ್ಲ ಕಣ ಕೂಸೇ. ಗ್ವಾಡೆ ನಾಳಿಕ್ಕೂ ಅಲ್ಲೇ ನಿಂತಿರ್ತದೆ,” ಎಂದರು.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ, ನಾವು ಅತ್ತೆ ಎನ್ನುತ್ತಿದ್ದವರು, ಒಂದು ಜ್ವರದಲ್ಲಿ ತೀರಿಕೊಂಡರು. ಹದಿನೈದು ದಿನ ಅಂಗಡಿ ಬಾಗಿಲು ಹಾಕಿತ್ತು. ಆಮೇಲೆ ಒಂದು ದಿನ ಮುಚ್ಚಿಹೋದ ಅಕ್ಕಿ ಗಿರಣಿಯ ರಸ್ತೆ ಬದಿ ಗೋಡೆಯಲ್ಲಿ ಆಳೆತ್ತರದ ಒಂದು ದುಂಡು ಚಿತ್ರ ಬಂತು. ವಾಟ್ಸಾಪಿನಲ್ಲಿ ಹೆಸರಿನ ಪಕ್ಕ ಇರುತ್ತದಲ್ಲ, ಡಿಪಿ, ಹಾಗೆ. ಒಳಗೆ ಅತ್ತೆಯ ಮುಖ. ಕೆಳಗೆ ಬೂದು ಅಕ್ಷರದಲ್ಲಿ, ‘ಕೊನೆಯದಾಗಿ ಕಂಡದ್ದು ಇಂದು ಬೆಳಿಗ್ಗೆ 6:10’.

ಅತ್ತೆ ಹೋಗಿ ತಿಂಗಳಾಗಿತ್ತು. ಮರುದಿನ ಅಲ್ಲಿ 6:14 ಎಂದಿತ್ತು. ಅದರ ಮರುದಿನ 6:08. ನಾನು ಕೇಳಿಯೇಬಿಟ್ಟೆ. ಅವರು ಜೇಬಿನಿಂದ ಅತ್ತೆಯ ಫೋನು ತೆಗೆದು ತೋರಿಸಿದರು. ಸಿಮ್ಮಿಗೆ ರೀಚಾರ್ಜ್ ಮಾಡಿಸಿಟ್ಟಿದ್ದರು. ಬೆಳಿಗ್ಗೆ ಕಾಫಿ ಕುಡಿಯುತ್ತ ಅದನ್ನು ತೆರೆಯುವರು, ಅತ್ತೆಗೆ ಬಂದ ಶುಭೋದಯದ ಹೂಗಳನ್ನೆಲ್ಲ ನೋಡುವರು, ಮುಚ್ಚುವರು. ಆಮೇಲೆ ತಮ್ಮ ಫೋನಿನಲ್ಲಿ ಅತ್ತೆಯ ಹೆಸರು ಒತ್ತಿ, ಅದು ಯಾವ ಹೊತ್ತು ತೋರಿಸುತ್ತದೋ ಅದನ್ನು ಗೋಡೆಗೆ ಬರೆಯುವರು. ಫೋನು ತೋರಿಸಿದ್ದನ್ನೇ ಬರೆದಿದ್ದೇನೆ, ನನ್ನದೇನೂ ಸೇರಿಸಿಲ್ಲ ಎಂದರು.

ಊರು ಎಂತೆಂಥದಕ್ಕೋ ಒಗ್ಗಿಕೊಳ್ಳುತ್ತದೆ. ಒಂದು ಸಲ ಅವರಿಗೆ ಜ್ವರ ಬಂದು ಎರಡು ದಿನ ಹೊತ್ತು ಬದಲಾಗಲಿಲ್ಲ. ಹಾಲು ಹಾಕಿ ಬರುವ ಹೆಂಗಸರು ಗೋಡೆ ಮುಂದೆ ನಿಂತು, ಯಾಕೆ ಎರಡು ದಿನದಿಂದ ಬಂದಿಲ್ಲ, ಹುಷಾರಿಲ್ಲವೇನೋ ಎಂದು ಮಾತಾಡಿಕೊಂಡರು. ಸತ್ತವಳ ವಿಚಾರ!

ಆಮೇಲೆ ಜನ ತಮ್ಮ ತಮ್ಮ ಮನೆಯಲ್ಲಿ ಸತ್ತವರ ಫೋಟೋ ಹಿಡಿದುಕೊಂಡು ಬರತೊಡಗಿದರು. ಚನ್ನರಾಯಪಟ್ಟಣದಿಂದ, ಶಾಂತಿಗ್ರಾಮದಿಂದಲೂ ಬಂದರು. ಗೋಡೆಯ ಉದ್ದಕ್ಕೂ ದುಂಡು ಮುಖಗಳು, ಪ್ರತಿಯೊಂದರ ಕೆಳಗೆ ತೀರಿಕೊಂಡ ದಿನ, ಹೊತ್ತು. ಬದುಕಿರುವವರನ್ನು ಬರೆಯುತ್ತಿರಲಿಲ್ಲ. ಅರಕಲಗೂಡಿನಲ್ಲಿ ದೇವರ ಪಟ ಬರೆಯುತ್ತಿದ್ದವರೊಬ್ಬರ ಹತ್ತಿರ ಅವರು ಕೆಲಸ ಕಲಿತವರು, ಅಲ್ಲಿಂದ ತಂದ ಪದ್ಧತಿಯೊಂದಿತ್ತು. ಕಣ್ಣು ಕೊನೆಗೆ. ಮುಖ, ಮೂಗು, ಹಣೆಯ ಕುಂಕುಮ ಎಲ್ಲ ಮುಗಿದ ಮೇಲೆ ಮನೆಯವರು ಒಬ್ಬರು ಬಂದು ಚಿತ್ರದ ಎದುರು ನಿಲ್ಲಬೇಕು. ಅವರು ಬಾಯಿಬಿಟ್ಟು “ಬಿಡಿಸಿ” ಎಂದ ಮೇಲೆಯೇ ಕಣ್ಣು ಬಿಡಿಸುವುದು. ಎಷ್ಟೋ ಜನಕ್ಕೆ ಆ ಒಂದು ಮಾತು ಬಾಯಿಂದ ಹೊರಡಲು ಒಂದು ಗಂಟೆ ಬೇಕಾಗುತ್ತಿತ್ತು. ಇವರು ಏಣಿಯ ಮೇಲೆ ಬ್ರಷ್ ಹಿಡಿದು ಸುಮ್ಮನೆ ಕಾಯುವರು.

ಈಗ ನಮ್ಮ ಮನೆಯ ವಿಚಾರಕ್ಕೆ ಬರುತ್ತೇನೆ. ಬರದೆ ಅವರ ಬಗ್ಗೆ ಹೇಳಲು ಆಗುವುದಿಲ್ಲ.

ನಮ್ಮಣ್ಣ ಗೂಡ್ಸ್ ಆಟೋ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ತಟ್ಟೆ ಮುಂದೆ ಕೂತು, ಮತ್ತೆ ಉಪ್ಪಿಟ್ಟಾ ಎಂದು ಮುಖ ಗಂಟು ಹಾಕಿಕೊಂಡು, ಉಣ್ಣದೆ ಬೈಕು ಹತ್ತಿ ಹೋದ. ಜಗಳ ಎಂದರೆ ಅಷ್ಟೇ. ಸಂಜೆ ಹೇಮಾವತಿ ನಾಲೆಯ ಏರಿಯ ಮೇಲೆ ಬೈಕು ಸಿಕ್ಕಿತು. ಸ್ಟ್ಯಾಂಡು ಹಾಕಿ ನಿಲ್ಲಿಸಿತ್ತು, ಕೀ ಅದರಲ್ಲೇ ಇತ್ತು. ನಾಲೆ ತುಂಬ ನೀರು. ಕೈಕಾಲು ತೊಳೆಯಲು ಇಳಿದನೋ, ಜಾರಿದನೋ, ಬೇರೆ ಇನ್ನೇನೋ, ನೋಡಿದವರಿಲ್ಲ. ಆರು ದಿನ ಹುಡುಕಿದರು. ಅವನೂ ಸಿಗಲಿಲ್ಲ, ಅವನ ಫೋನೂ ಸಿಗಲಿಲ್ಲ.

ದೇಹ ಸಿಗಲಿಲ್ಲವಾದ್ದರಿಂದ ಅಮ್ಮನಿಗೆ ಅವನು ಸತ್ತಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಅವನ ನಂಬರಿಗೆ ‘ಊಟ ಆಯ್ತಾ ಮಗಾ’ ಎಂದು ಕಳಿಸುವಳು. ಒಂದು ಸಲ ನಾನೇ ಟೈಪು ಮಾಡಿಕೊಟ್ಟದ್ದು, ಅದನ್ನೇ ದಿನಾ ಕಾಪಿ ಮಾಡಿ ಹಾಕುವುದನ್ನು ಕಲಿತುಕೊಂಡಿದ್ದಳು. ಪ್ರತಿಯೊಂದಕ್ಕೂ ಒಂದೇ ಟಿಕ್. ಪಿತೃಪಕ್ಷದಲ್ಲಿ, ಮೊದಲೇ ತೀರಿಹೋಗಿದ್ದ ನಮ್ಮಪ್ಪನಿಗೆ ಎಡೆ ಇಡುವ ದಿನ, ದೊಡ್ಡಪ್ಪ, ಹುಡುಗನಿಗೂ ಒಂದು ಎಡೆ ಇಡಿ, ಅವನು ಅನ್ನ ನೀರಿಲ್ಲದೆ ಅಲೆಯುತ್ತಿರುತ್ತಾನೆ ಎಂದರು. ಅಮ್ಮ ಇಡಲಿಲ್ಲ. ಬದುಕಿರುವ ಮಗನಿಗೆ ಯಾವ ತಾಯಿ ಎಡೆ ಇಡುತ್ತಾಳೆ ಎಂದಳು. ದೊಡ್ಡಪ್ಪನ ಮನೆಗೂ ನಮಗೂ ಮಾತು ನಿಂತಿತು. ಅಮ್ಮ ಒಂದು ಹೊತ್ತು ಉಣ್ಣುವುದನ್ನು ಬಿಟ್ಟಳು, ಮಗ ಉಣ್ಣದೆ ಹೋಗಿದ್ದಾನಲ್ಲ ಎಂದು. ದಿನದಿಂದ ದಿನಕ್ಕೆ ಸೊರಗಿದಳು. ಅವನು ಹೋದದ್ದನ್ನು ಅಮ್ಮ ಒಪ್ಪದಿದ್ದರೆ ನಾನು ಅಮ್ಮನನ್ನೂ ಕಳೆದುಕೊಳ್ಳುತ್ತೇನೆ ಎಂದು ನನಗೆ ಖಾತ್ರಿಯಾಯಿತು.

ಅದಕ್ಕೇ ನಾನು ಕಳ್ಳತನದಲ್ಲಿ ಹೋಗಿ ಪೇಂಟರ್ ಮಾವನಿಗೆ ಅಣ್ಣನ ಫೋಟೋ ಕೊಟ್ಟೆ. ಗೋಡೆಯ ಮೇಲೆ ಅವನನ್ನು ಆ ಸಾಲಿನಲ್ಲಿ ನೋಡಿದರೆ ಅಮ್ಮ ಅತ್ತುಬಿಡುತ್ತಾಳೆ, ಅತ್ತರೆ ಹಗುರಾಗುತ್ತಾಳೆ ಎಂದು ನನ್ನ ಲೆಕ್ಕ. ನನ್ನ ಬುದ್ಧಿಗಿಷ್ಟು! ಮುಖವೆಲ್ಲ ಮುಗಿದು ಕಣ್ಣು ಮಾತ್ರ ಬಾಕಿ ಇದ್ದಾಗ ಯಾರೋ ಅಮ್ಮನಿಗೆ ಹೇಳಿದರು. ಅಮ್ಮ ಬರಿಗಾಲಲ್ಲಿ ಓಡಿ ಬಂದು ಏಣಿ ಹಿಡಿದುಕೊಂಡಳು. ನನ್ನ ಮಗ ಬದುಕಿದ್ದಾನೆ, ಇಳಿಯಿರಿ ಎಂದಳು. ಅವರು ಇಳಿದರು. ನನ್ನನ್ನು ಒಂದು ಸಲ ನೋಡಿದರು, ಆ ನೋಟ ಈಗಲೂ ಚುಚ್ಚುತ್ತದೆ.

“ನೀನು ಬಾಯ್ಬುಟ್ಟು ಏಳೋ ಗಂಟ ಕಣ್ಣು ಬಿಡಿಸಾಕಿಲ್ಲ ಕಣವ್ವಾ,” ಎಂದರು ಅಮ್ಮನಿಗೆ. “ಅಂಗಂತ ಅಳಿಸಾಕೂ ಇಲ್ಲ.”

ಹೀಗೆ ಆ ಗೋಡೆಯಲ್ಲಿ ನಮ್ಮಣ್ಣ ಒಬ್ಬನೇ ಕಣ್ಣಿಲ್ಲದೆ ನಿಂತ. ಕಣ್ಣಿನ ಜಾಗದಲ್ಲಿ ಸುಣ್ಣದ ಬಿಳಿ, ತುಟಿಯಲ್ಲಿ ಅವನದೇ ಓರೆ ನಗು. ಕೆಳಗಿನ ಸಾಲು ಖಾಲಿ. ಬಸ್ಸಿನಲ್ಲಿ ಹೋಗುವವರು ಆ ಗೋಡೆ ಬಂದಾಗ ಇನ್ನೊಂದು ಕಡೆಗೆ ಮುಖ ತಿರುಗಿಸುತ್ತಿದ್ದರಂತೆ.

ಅಮ್ಮ ಮಾತ್ರ ದಿನಾ ಹೋಗಿ ನಿಲ್ಲುವಳು. ಫೋನಿನ ಕ್ಯಾಮೆರಾ ಹಿಡಿದರೆ ಮುಖ ಕಂಡ ಕಡೆ ಒಂದು ಹಳದಿ ಚೌಕ ಬರುತ್ತದಲ್ಲ, ಅದು ಅಮ್ಮನಿಗೆ ಹೇಗೋ ಗೊತ್ತಾಗಿತ್ತು. ಗೋಡೆಯ ಮೇಲಿನ ಸತ್ತವರ ಮುಖಕ್ಕೆಲ್ಲ ಒಂದೊಂದಾಗಿ ಚೌಕ ಬರುವುದು. ಅಣ್ಣನ ಮುಖಕ್ಕೆ ಬರುವುದಿಲ್ಲ. ನಾನು ಕಣ್ಣಿಲ್ಲದ್ದಕ್ಕೆ ಫೋನಿಗೆ ಅದು ಮುಖ ಎಂದು ಗೊತ್ತಾಗುತ್ತಿಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಅಮ್ಮ ಕೇಳಳು. ನೋಡು, ಆ ಸತ್ತವರ ಲೆಕ್ಕದಲ್ಲಿ ಇವನಿಲ್ಲ, ಫೋನಿಗೇ ಗೊತ್ತು ಎನ್ನುವಳು. ಮನೆಗೆ ಬಂದು ಸಮಾಧಾನದಲ್ಲಿ ಮತ್ತೆ ಅರ್ಧ ಹೊಟ್ಟೆ ಮಲಗುವಳು.

ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಅಮ್ಮ ಅಂಗಡಿಗೆ ಬಂದು ಫೋನನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟಳು. ಒಂದು ಟಿಕ್ ಇದ್ದಲ್ಲಿ ಎರಡು ಟಿಕ್, ನೀಲಿ. ಅಣ್ಣನ ಫೋಟೋ ಇದ್ದಲ್ಲಿ, ಫೋಟೋ ಹಾಕದವರಿಗೆ ಬರುವ ಬೂದು ಬಣ್ಣದ ಮೊಂಡು ತಲೆ. ನನಗೆ ತಿಳಿಯಿತು. ರೀಚಾರ್ಜ್ ಇಲ್ಲದ ನಂಬರನ್ನು ಕಂಪನಿಯವರು ಬೇರೆ ಯಾರಿಗೋ ಕೊಟ್ಟಿದ್ದಾರೆ. ಹೇಳಿದೆ. ಅಮ್ಮ ನಕ್ಕಳು. ಆಮೇಲೆ ಹತ್ತು ಹನ್ನೆರಡು ದಿನ ದಿನಾ ಒಂದು ಗಂಟೆಗೆ ನೀಲಿ ಟಿಕ್. ಹದಿಮೂರನೇ ದಿನವೋ ಏನೋ, ಒಂದು ಗಂಟೆ ಹತ್ತು ನಿಮಿಷಕ್ಕೆ ಅತ್ತಲಿಂದ ಉತ್ತರ ಬಂತು.

‘ಆಯ್ತು.’

ಅಷ್ಟೇ. ಅಮ್ಮ ಆ ದಿನ ಒಂದು ವರ್ಷದ ಮೇಲೆ ಹೊಟ್ಟೆ ತುಂಬ ಮುದ್ದೆ ಉಂಡಳು. ನಾನು ಗಿರಣಿ ಗೋಡೆಯ ಹತ್ತಿರ ಹೋದೆ. ಉರಿಬಿಸಿಲು, ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಯಾಕೆ ಹಾಗೆ ಮಾಡಿದೆನೋ, ನನ್ನ ಫೋನು ತೆಗೆದು ಅಣ್ಣನ ಮುಖಕ್ಕೆ ಹಿಡಿದೆ. ಹಳದಿ ಚೌಕ ಬಂತು. ಆ ಬಿಳಿಗಣ್ಣಿನ ಮುಖದ ಸುತ್ತ ಬಂದು, ಒಂದು ಕ್ಷಣ ನಿಂತು, ಹೋಯಿತು. ಫೋನುಗಳು ಮರದ ಗಂಟಿಗೂ ಚೌಕ ಹಾಕುತ್ತವೆ, ನನಗೆ ಗೊತ್ತು, ನಾನು ಆ ಕೆಲಸದವಳೇ. ಆದರೂ ಫೋನನ್ನು ಮತ್ತೆ ಅತ್ತ ಹಿಡಿಯಲಿಲ್ಲ. ಇದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಪೇಂಟರ್ ಮಾವನಿಗೆ ಹೇಳಿದೆ. ಅವರು ಆ ನಂಬರಿಗೆ ಮಾಡು ಎಂದರು. ಹತ್ತು ಸಲ ಮಾಡಿದೆ, ಎತ್ತಲಿಲ್ಲ. ಆಗ ಅವರು ಜೇಬಿನಿಂದ ಅತ್ತೆಯ ಫೋನು ತೆಗೆದರು. ಅದರಿಂದ ವಾಟ್ಸಾಪ್ ಕಾಲ್ ಹೋಯಿತು. ಡಿಪಿಯಲ್ಲಿ ಹೆಂಗಸಿನ ಮುಖ ಕಂಡಿತೆಂದು ಕಾಣುತ್ತದೆ, ಆ ಕಡೆಯಿಂದ ಎತ್ತಿದರು. “ಯಾರಕ್ಕಾ?” ಎಂದಿತು ಒಂದು ಹುಡುಗಿಯ ದನಿ. ಸತ್ತವಳ ಫೋನಿನಿಂದ ಸತ್ತವನ ನಂಬರಿಗೆ ಹೋದ ಕಾಲು. ನಾವು ಪರಸ್ಪರ ಮುಖ ನೋಡದೆಯೇ ಅವಳು ಇರುವ ಊರು ಕೇಳಿಕೊಂಡೆವು.

ಭಾನುವಾರ ನಾವಿಬ್ಬರೂ ಬಸ್ಸು ಹತ್ತಿ ಹಾಸನಕ್ಕೆ ಹೋದೆವು. ಹುಡುಗಿ ಬಸ್‌ಸ್ಟ್ಯಾಂಡಿಗೆ ಬಂದಳು. ಅರಕಲಗೂಡಿನ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಕೆಲಸ, ರೂಮು ಮಾಡಿಕೊಂಡು ಇದ್ದವಳು. ಹೊಸ ಸಿಮ್ಮು ಹಾಕಿ ವಾಟ್ಸಾಪ್ ತೆರೆದ ತಕ್ಷಣ ಹಿಂದಿನ ಒಂದು ತಿಂಗಳಿನವು, ಒಟ್ಟಿಗೆ ಮೂವತ್ತು ‘ಊಟ ಆಯ್ತಾ ಮಗಾ’ ಬಂದು ಬಿದ್ದವಂತೆ. ಹೆದರಿ ಫೋನನ್ನು ಚಾಪೆ ಮೇಲೆ ಎಸೆದಳಂತೆ. ಆಮೇಲೆ ದಿನಾ ಒಂದೊಂದು. ನಾನು ಬೈಯಬೇಕೆಂದೇ ಹೋಗಿದ್ದವಳು.

“ನಮ್ಮವ್ವ ಇಲ್ಲ ಅಕ್ಕಾ,” ಎಂದಳು ತಲೆ ತಗ್ಗಿಸಿಕೊಂಡು. “ನನ್ನ ಯಾರೂ ಕೇಳಾಕಿಲ್ಲ. ಅವತ್ತು ನಿಜ್ವಾಗ್ಲೂ ಊಟ ಆಗಿತ್ತು. ಆಯ್ತು ಅಂದ್ಬುಟ್ಟೆ.”

ಮಾವ ಅವಳಿಗೆ ಒಂದು ದೋಸೆ ಕೊಡಿಸಿದರು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಕಡೆ ನೋಡುತ್ತ ಕೂತಿದ್ದವರು, ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ ಎಂದರು.

ಮರುದಿನ ಬೆಳಿಗ್ಗೆ ಗಿರಣಿ ಗೋಡೆಯ ಮುಂದೆಯೇ ಹೇಳಿದರು. ಸುತ್ತಿ ಬಳಸಿ ಹೇಳಲಿಲ್ಲ. ಆ ನಂಬರಿನಲ್ಲಿ ಇರುವುದು ಒಂದು ಹೆಣ್ಣುಮಗು, ನಾನೇ ಕಣ್ಣಾರೆ ನೋಡಿ ಬಂದೆ ಎಂದರು. ಅಮ್ಮ ಅಳಲಿಲ್ಲ, ಕೂಗಲಿಲ್ಲ. ಬಹಳ ಹೊತ್ತು ಅತ್ತೆಯ ಚಿತ್ರವನ್ನೇ ನೋಡುತ್ತ ನಿಂತಳು. ಆವತ್ತಿನ ಹೊತ್ತು ಆಗಲೇ ಬರೆದಾಗಿತ್ತು, ಬಣ್ಣ ಇನ್ನೂ ಆರಿರಲಿಲ್ಲ.

“ನಿಮ್ಮನೆಯವ್ರ ಫೋನು ನೀವು ತೆಗೆದ್ರೆ ಅವ್ರು ಬಂದಂಗೆ ಆಯ್ತದಲ್ಲ ಅಣ್ಣಯ್ಯ,” ಎಂದಳು ಅಮ್ಮ. “ನನ್ನ ಮಗಂದ ಆ ಕೂಸು ದಿನಾ ತೆಗೀತದೆ. ಅವ್ನೂ ಬಂದಂಗೇ ಅಲ್ವ? ಅವ್ನಿಗೂ ಬರೀರಿ.”

ಮಾವ, ಫೋನು ತೋರಿಸಿದ್ದನ್ನೇ ಬರೆದೆ ಎನ್ನಬಹುದಿತ್ತು. ಎನ್ನಲಿಲ್ಲ. ನಾನು ಆ ನಿಮಿಷದಲ್ಲಿ ಅಮ್ಮ ನನ್ನ ಕೈತಪ್ಪಿ ಹೋದಳು ಎಂದೇ ಅಂದುಕೊಂಡೆ. ಅವರು ಹೂಂ ಎಂದು ಒಂದು ಹೊತ್ತು ಬರೆದುಬಿಟ್ಟರೆ ಮುಗಿಯಿತು, ಅಮ್ಮ ಆ ಗೋಡೆಯ ಮುಂದೆಯೇ ಒಣಗಿ ಹೋಗುತ್ತಾಳೆ.

ಅವರು ಏಣಿಯನ್ನು ಎತ್ತಿ ಅತ್ತೆಯ ಚಿತ್ರದ ಕೆಳಗೆ ಒರಗಿಸಿದರು. ಸೀಮೆಎಣ್ಣೆಯ ಬಟ್ಟೆಯಲ್ಲಿ ಆವತ್ತಿನ ಹೊತ್ತನ್ನು ಒರೆಸಿದರು. ಆಮೇಲೆ ಅತ್ತೆ ತೀರಿಕೊಂಡ ದಿನದ ತಾರೀಖು ಬರೆದರು, ಆಸ್ಪತ್ರೆಯಲ್ಲಿ ಹೇಳಿದ ಹೊತ್ತನ್ನೂ ಬರೆದರು. ಕಿರುಬೆರಳು ಊರಿದ್ದರೂ ಆವತ್ತು ಅಕ್ಷರ ನಡುಗಿದ್ದವು. ಇಳಿದು ಬಂದು ಅಮ್ಮನ ಮುಂದೆ ನಿಂತರು.

“ನಾನೇ ಇಲ್ದಿದ್ದ ಬರ್ಕಂಡ್ ಕೂತಿದ್ದೆ ಕಣವ್ವಾ. ಇನ್ನು ಬರ್ಯಾಕಿಲ್ಲ. ಅವ್ಳು ಓಗ್ಬುಟ್ಳು.” ಏಣಿಯನ್ನು ಅಣ್ಣನ ಚಿತ್ರದ ಕಡೆ ಸರಿಸಿ, “ಈಗ ಆ ಮಾತ ನೀನು ಏಳು,” ಎಂದರು.

ಅಮ್ಮ ಸೆರಗು ಹೊದ್ದುಕೊಂಡಳು. ಅಣ್ಣನ ಎದುರು ಹೋಗಿ ನಿಂತಳು. ಎರಡು ಬಸ್ಸು ಹೋದವು. ಆಮೇಲೆ ಬಿಡಿಸಿ ಎಂದಳು, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಏಣಿಯ ಮೇಲಿದ್ದ ಅವರಿಗೆ ಕೇಳಿಸಿತು. ಬಲಗಣ್ಣು ಬರೆದು ಎಡಗಣ್ಣಿಗೆ ಬರುವ ಹೊತ್ತಿಗೆ ಅಮ್ಮ ರಸ್ತೆಯಲ್ಲೇ ಕುಸಿದು ಕೂತು, ಆ ಒಂದು ವರ್ಷ ಅಳದೆ ಇದ್ದದ್ದನ್ನೆಲ್ಲ ಅತ್ತಳು. ಅಣ್ಣ ಮೇಲಿನಿಂದ ನೋಡುತ್ತಿದ್ದ.

ಮಾವ ಅದಾದ ಮೇಲೆ ಗೋಡೆಯ ಮೇಲೆ ಏನನ್ನೂ ಬರೆಯಲಿಲ್ಲ. ಹನ್ನೊಂದು ಗಂಟೆಯ ಟೀ ಮಾತ್ರ ತಪ್ಪಿಸಲಿಲ್ಲ. ಅತ್ತೆಯ ಫೋನು ಈಗೆಲ್ಲಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ಸ್ಕ್ರೀನು ನೋಡುತ್ತ ಕೂರುವರು, ಪ್ರಶ್ನೆ ಕೇಳುವುದು ನಿಂತಿತು. ಐದು ತಿಂಗಳಿಗೆ, ಸ್ಟೂಲಿನ ಮೇಲೆ ಕೂತಿದ್ದವರು ಹಾಗೇ ಗೋಡೆಗೆ ಒರಗಿದರು. ನಿದ್ದೆ ಬಂದಿದೆ ಎಂದುಕೊಂಡು ನಾನು ಕೆಲಸ ಮಾಡುತ್ತಲೇ ಇದ್ದೆ. ಎಷ್ಟು ಹೊತ್ತು ಒಂದು ಹೆಣದ ಜೊತೆ ಮಾತಾಡಿಕೊಂಡು ಕೂತಿದ್ದೆನೋ ನನಗೇ ಗೊತ್ತಿಲ್ಲ.

ಅವರು ನನ್ನ ಮೇಲೆ ಮುನಿಸಿಕೊಂಡಿದ್ದರೆ ನ್ಯಾಯವಿತ್ತು. ಅದರ ಬದಲು, ದಿನಾ ಬೆಳಿಗ್ಗೆ ತಮ್ಮ ಪಾಲಿಗೆ ಬದುಕಿ ಬರುತ್ತಿದ್ದ ಹೆಂಡತಿಯನ್ನು ನಮ್ಮಮ್ಮನಿಗೋಸ್ಕರ ಎರಡನೇ ಸಲ ಕಳೆದುಕೊಂಡರು. ಇದಕ್ಕೆ ನಾನು ಏನು ಕೊಟ್ಟರೂ ತೀರುವುದಿಲ್ಲ.

ಈ ಸಲದ ಪಿತೃಪಕ್ಷಕ್ಕೆ ದೊಡ್ಡಪ್ಪನ ಮನೆಯವರೂ ಬಂದಿದ್ದರು. ಅಮ್ಮ ಅಪ್ಪನ ಎಲೆಯ ಪಕ್ಕ ಅಣ್ಣನಿಗೊಂದು ಎಲೆ ಹಾಕಿ, ಅದರ ಪಕ್ಕ ಇನ್ನೊಂದು ಎಲೆ ಹಾಕಿದಳು. ಒಂದು ಹೊಸ ಪಂಚೆ ಮಡಿಸಿ ಇಟ್ಟಳು. ಇದು ಯಾರಿಗೆ ಎಂದು ದೊಡ್ಡಪ್ಪ ಕೇಳಿದರು. ಪೇಂಟರಿಗೆ ಎಂದಳು. ಅವನು ನಮಗೆ ಏನಾಗಬೇಕು ಎಂದು ಅವರು ಮತ್ತೆ ಕೇಳಿದರು.

ಅಮ್ಮ ಎಲೆಗೆ ಅನ್ನ ಬಡಿಸುತ್ತಲೇ ಹೇಳಿದಳು: “ನನ್ನ ಮಗನ್ನ ಮನೆಗೆ ಕರ್ಕಂಬಂದೋರು.”